ವಾಪಸ್ ಬರುವಾಗ ನಿಲ್ಲುವ ಹಾಡು

ಕಾರಿನ ಆಂಪ್ಲಿಫೈಯರ್‌ಗೆ ಒಂದು ಪುಟ್ಟ ದೀಪ ಇರುತ್ತದೆ. ಹಸಿರಾಗಿದ್ದರೆ ಕೆಲಸ ನಡೆದಿದೆ ಎಂದು ಅರ್ಥ. ಕೆಂಪಾದರೆ, ತನ್ನನ್ನು ತಾನು ಉಳಿಸಿಕೊಳ್ಳಲು ಬಾಗಿಲು ಹಾಕಿಕೊಂಡು ಕೂತಿದೆ ಎಂದು. ಯಾಕೆ ಹಾಕಿಕೊಂಡೆ ಎಂದರೆ ಹೇಳುವುದಿಲ್ಲ. ಬ್ಯಾಟರಿಯಿಂದ ಬರುವ ಕರೆಂಟು ಇಳಿದಿರಬಹುದು, ಸ್ಪೀಕರ್ ತಂತಿ ಎಲ್ಲೋ ತಗುಲಿರಬಹುದು, ಮೈ ಕಾದಿರಬಹುದು. ಎಲ್ಲಕ್ಕೂ ಅದೇ ಒಂದು ಕೆಂಪು. ಸಿಂಧನೂರಿನ ನನ್ನ ಕಾರ್ ಸ್ಟೀರಿಯೋ ಅಂಗಡಿಯಲ್ಲಿ ಆ ದೀಪ ಕಂಡರೆ ನನಗೆ ಮೈ ಉರಿಯುತ್ತದೆ. ರಿಪೇರಿಯಾಗಿ ಹೋದ ಗಾಡಿ ಅದೇ ದೂರು ಹೊತ್ತು ವಾಪಸ್ ಬಂದರಂತೂ ಊಟ ಸೇರುವುದಿಲ್ಲ. ಆ ಬೇಸಿಗೆಯಲ್ಲಿ ತುರ್ವಿಹಾಳದ ಒಂದು ಹಳೆಯ ಬಿಳಿ ಕಾರು ನನ್ನ ಊಟವನ್ನು ಚೆನ್ನಾಗಿಯೇ ಕೆಡಿಸಿತು.

ಕಾರಿನ ಮಾಲೀಕರು ಅರವತ್ತು ದಾಟಿದ ಬಾಡಿಗೆ ಡ್ರೈವರು. ತೆಳ್ಳಗಿನ ಆಳು, ಹೆಗಲ ಮೇಲೆ ಯಾವಾಗಲೂ ಒಂದು ದೊಡ್ಡ ಟವೆಲು. ನಾನು ಅವರನ್ನು ಕಾಕಾ ಎಂದೆ, ಅವರು ನನ್ನನ್ನು ಉಸ್ತಾದ್ ಎಂದರು; ನಮ್ಮ ಕಡೆ ಕೈಯಲ್ಲಿ ಪಾನಾ, ಸ್ಪ್ಯಾನರ್ ಹಿಡಿದವರೆಲ್ಲ ಉಸ್ತಾದರೇ. ಕಾರು ಅವರು ಕೊಂಡದ್ದು ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕನಿಗೆ ಹಾಡಿನ ಹುಚ್ಚು ಇತ್ತಂತೆ. ಆಂಪ್ಲಿಫೈಯರು, ಹಿಂದುಗಡೆ ದೊಡ್ಡ ಸ್ಪೀಕರುಗಳು, ಎಲ್ಲ ಕಾರಿನ ಜೊತೆಗೇ ಬಂದಿದ್ದವು. ಆಂಪು ಮುಂದಿನ ಎಡ ಸೀಟಿನ ಕೆಳಗೆ ಕಾರ್ಪೆಟ್ಟಿಗೆ ಒತ್ತಿ ಕೂತಿತ್ತು. ಜಾಗ ಉಳಿಯಲಿ ಎಂದು ಈ ಕಸುಬಿನವರು ನಾವೆಲ್ಲ ಅಲ್ಲೇ ಕೂಡಿಸುತ್ತೇವೆ.

"ಉಸ್ತಾದ್ರ, ಹಾಡು ನಡುವ ನಿಂತು ಬಿಡಾಕತ್ತೈತ್ರಿ," ಎಂದರು ಕಾಕಾ. "ಸ್ವಲ್ಪ ಹೊತ್ತು ಬಿಟ್ರ ತಾನ ಹತ್ತತೈತಿ, ಮತ್ತ ನಿಲ್ಲತೈತಿ."

"ಸೌಂಡ್ ಜೋರ್ ಇಡ್ತೀರೇನು?"

"ಇಡಬೇಕ್ರಿ. ನಮ್ಮಾಕಿಗೆ ಕಿವಿ ಮಂದ ಆಗ್ಯಾವ. ಕಿವ್ಯಾಗ ಇಟ್ಕೊಳ್ಳೋ ವೈರ್ ಕೊಡಿಸಿ ನೋಡಿದೆ, ತಲಿ ತಿರಗತೈತಿ ಅಂತ ಒಗದಾಳ."

ಅವರ ಹೆಂಡತಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ ರಕ್ತ ಸೋಸುವ ಯಂತ್ರಕ್ಕೆ ಕೂರಬೇಕು, ಅದಕ್ಕೆ ಜಾಗ ಸಿಕ್ಕಿದ್ದು ಲಿಂಗಸುಗೂರಿನ ಆಸ್ಪತ್ರೆಯಲ್ಲಿ. ತುರ್ವಿಹಾಳದಿಂದ ಮಸ್ಕಿ ಹಾದು ಲಿಂಗಸುಗೂರು, ಅದೇ ದಾರಿಯಲ್ಲಿ ವಾಪಸ್. ಆ ದಾರಿಯುದ್ದಕ್ಕೂ ಹಾಡು ಬೇಕು. "ಹಾಡು ಇದ್ರ ಬರ್ತಾಳ," ಎಂದರು ಅವರು, ನಾನು ಆಗಲೇ ಸೀಟಿನ ಕೆಳಗೆ ತಲೆ ತೂರಿಸಿದ್ದೆ. ಯಾವುದೋ ಸಿನಿಮಾ ಹಾಡು ಇರಬೇಕು ಅಂದುಕೊಂಡೆ, ಕೇಳಲಿಲ್ಲ.

ಆಂಪ್ಲಿಫೈಯರ್ ಪದೇ ಪದೇ ಬಂದ್ ಆದರೆ ಮೊದಲು ನೋಡುವುದು ಅದರ ಹೊಟ್ಟೆಪಾಡನ್ನು, ಅಂದರೆ ಕರೆಂಟು ಬಂದು ಹೋಗುವ ದಾರಿಯನ್ನು. ಬ್ಯಾಟರಿಯಿಂದ ಬರುವ ದಪ್ಪ ತಂತಿ, ನಡುವೆ ಫ್ಯೂಸು, ಕೊನೆಗೆ ಕಾರಿನ ಕಬ್ಬಿಣದ ಮೈಗೆ ಕಚ್ಚಿಸಿದ ಅರ್ತ್ ತಂತಿ. ಬೇರೆಲ್ಲ ಸರಿ ಇತ್ತು, ಅರ್ತ್ ಮಾತ್ರ ಬಣ್ಣದ ಮೇಲೆಯೇ ಸ್ಕ್ರೂ ಹೊಡೆದು ಕೂಡಿಸಿದ್ದರು. ಸುತ್ತ ತುಕ್ಕು. ಹಾಡು ಜೋರಾದ ಕೂಡಲೇ ಮೀಟರಿನ ಮುಳ್ಳು ಕೆಳಗೆ ಕುಸಿಯುತ್ತಿತ್ತು. ನನಗೆ ಖುಷಿಯಾಯಿತು. ಬಣ್ಣ ಕೆರೆದು, ಕಬ್ಬಿಣ ಹೊಳೆಯುವ ತನಕ ತಿಕ್ಕಿ, ತಂತಿಯ ತುದಿಗೆ ಹೊಸ ಲಗ್ ಹಾಕಿ ಬಿಗಿದೆ. ಮುಳ್ಳು ಅಲ್ಲಾಡಲಿಲ್ಲ. ಅಂಗಡಿಯ ಮುಂದೆ ಬಿಸಿಲಲ್ಲೇ ನಿಲ್ಲಿಸಿ, ಬಜಾರಿನವರು ಬೈಯುವಷ್ಟು ಜೋರಾಗಿ ಬಹಳ ಹೊತ್ತು ಹಾಡಿಸಿದೆ. ದೀಪ ಹಸಿರಾಗಿಯೇ ಇತ್ತು. ಕಾಕಾ ಎರಡೂ ಕೈ ಮುಗಿದು ಹೋದರು.

ಆ ವಾರ ಮುಗಿಯುವುದರೊಳಗೆ ವಾಪಸ್ ಬಂದರು.

"ಹೋಗೋವಾಗ ಬಂಗಾರದಂಗ ಹಾಡ್ತುರಿ. ಬರೋವಾಗ ಮಸ್ಕಿ ಇನ್ನೂ ದೂರ ಇತ್ತು, ನಿಂತು ಬಿಡ್ತು."

ಪಕ್ಕದ ಅಂಗಡಿಯ ಬ್ಯಾಟರಿ ಭಾಯಿ ನನ್ನ ಹಳೆಯ ಗೆಳೆಯ. ಅವನಿಗೆ ನನ್ನ ಸಂಕಟ ಅಂದರೆ ಮಧ್ಯಾಹ್ನದ ಮನರಂಜನೆ. "ಕ್ಯಾ ಭಾಯ್, ಅಳಿಯಾ ಮತ್ತ ಬಂದಾನಲ್ಲ? ಉಪಚಾರ ಕಡಿಮಿ ಆಗೈತಿ ನೋಡು," ಎಂದು ಕಾರಿನ ಕಡೆ ಕೈ ತೋರಿಸಿ ಹಲ್ಲು ಕಿರಿದ. ನಾನು ಬಾಗಿಲಿನ ಪ್ಯಾನೆಲ್ ಬಿಚ್ಚಲು ಕೂತೆ.

ಎರಡನೆಯದಾಗಿ ನೋಡಬೇಕಾದ್ದು ಸ್ಪೀಕರಿಗೆ ಹೋಗುವ ತಂತಿಗಳು. ಒಂದು ಕಡೆ ಸಿಪ್ಪೆ ಸವೆದು ಕಾರಿನ ಮೈಗೆ ತಗುಲಿದರೂ ಆಂಪು ಹೆದರಿ ಬಾಗಿಲು ಹಾಕುತ್ತದೆ. ಅಲ್ಲೂ ಒಂದು ತಪ್ಪು ಸಿಕ್ಕಿತು. ಹಿಂದಿನ ಬಾಗಿಲಿನ ಕೀಲಿನ ಹತ್ತಿರ, ತೆರೆದು ಮುಚ್ಚಿ ತೆರೆದು ಮುಚ್ಚಿ, ತಂತಿಯ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು. ತಗ್ಗುದಿನ್ನೆಯಲ್ಲಿ ಕಾರು ಕುಲುಕಿದಾಗ ತಗುಲುತ್ತದೆ, ಅದಕ್ಕೇ ದಾರಿಯಲ್ಲಿ ಮಾತ್ರ ನಿಲ್ಲುತ್ತದೆ ಎಂದು ನನಗೆ ನಾನೇ ಕಥೆ ಕಟ್ಟಿಕೊಂಡೆ. ಹೊಸ ತಂತಿ ಎಳೆದು ರಬ್ಬರ್ ಕೊಳವೆ ತೊಡಿಸಿದೆ. ಮೂರನೆಯ ಅನುಮಾನವಾದ ಬಿಸಿಯನ್ನೂ ಬಿಡಲಿಲ್ಲ.

"ಕಾಕಾ, ದಾರ್ಯಾಗ ಎಸಿ ಹಾಕ್ತೀರೇನು? ಕಾರಿನೊಳಗ ಬಹಳ ಕಾವು ಆದ್ರೂ ಇದು ಬಂದ್ ಆಗ್ತೈತಿ."

"ಎಸಿ ಹಾಕಂಗಿಲ್ರಿ. ಬಂದ್ ಇರ್ತೈತಿ."

"ಕಿಟಕಿ ಕಾಜು ಇಳಿಸಿರ್ತೀರಿ?"

ಅವರು ಒಂದು ಕ್ಷಣ ತಡೆದರು. "ಹೋಗೋವಾಗ ಇಳಿಸಿರ್ತೀನ್ರಿ," ಎಂದು ಟವೆಲಿನಿಂದ ಮುಖ ಒರೆಸಿಕೊಂಡರು. ಆ ತಡೆದ ಕ್ಷಣದ ಮೇಲೆ ನಾನು ಬೆರಳಿಡಬೇಕಿತ್ತು. ನನ್ನ ಗಮನವೆಲ್ಲ ತಾಮ್ರದ ಮೇಲಿತ್ತು.

ಮತ್ತೆ ಬಂದಾಗ ಅವರ ಮುಖದಲ್ಲಿ ದೂರು ಇರಲಿಲ್ಲ. ಅದು ದೂರಿಗಿಂತ ಕೆಟ್ಟದ್ದು. ಬಂದವರೇ ಸ್ಟೂಲಿನ ಮೇಲೆ ಕೂತರು.

"ಹಿಂದಿನ ಆಸ್ಪತ್ರಿ ಪಾಳಿ ತಪ್ಪಿಸ್ಯಾಳ್ರಿ. ಬರಂಗಿಲ್ಲ ಅಂತ ಗ್ವಾಡಿ ಕಡಿ ಮುಖ ಮಾಡಿ ಮಲಗಿದ್ಲು. ಮರುದಿನ ಕಾಲು ಬಾತು, ಉಸಿರು ಹತ್ತಿ, ಓಡಿಸ್ಕೊಂಡು ಹೋದೆ. ಡಾಕ್ಟರು ಬೈದ್ರು. ಇನ್ನೊಮ್ಮೆ ತಪ್ಪಿಸಿದ್ರ ಜವಾಬ್ದಾರಿ ನಮ್ಮದಲ್ಲ ಅಂದ್ರು."

"ಹಾಡು ನಿಂತಿದ್ದಕ್ಕೇನು?"

"ಹೌದ್ರಿ. ನಿಮಗ ಹೆಂಗ ಹೇಳ್ಲಿ. ಹಾಡು ನಿಂತ್ರ ಆಕಿಗೆ ಎಲ್ಲಾ ನಿಂತಂಗ."

ನಾನು ಕಪಾಟಿನಿಂದ ಹೊಸ ಆಂಪ್ಲಿಫೈಯರ್ ತೆಗೆದು ಅದೇ ಜಾಗಕ್ಕೆ ಕೂಡಿಸಿದೆ. ಕೆಟ್ಟದ್ದು ಆಂಪೇ ಆಗಿದ್ದರೆ ಇದಕ್ಕೆ ತೊಂದರೆ ಬರಬಾರದು. ಬ್ಯಾಟರಿ ಭಾಯಿ ಕೂಡ ಈ ಸಲ ನಗದೆ ಎದ್ದು ಬಂದ. ಬ್ಯಾಟರಿ ನೋಡಿದ, ಡೈನಮೋ ನೋಡಿದ, ಇಂಜಿನ್ ಓಡಿಸಿ, ಲೈಟು ಹಚ್ಚಿ ಮೀಟರ್ ಹಿಡಿದ. "ಏಕ್‌ದಂ ಗಟ್ಟಿ ಐತಿ. ನಮ್ಮ ಕಡಿಂದ ಏನೂ ಇಲ್ಲ," ಎಂದ. ಕಾಕಾ ಲಿಂಗಸುಗೂರಿಗೆ ಹೋಗಿ ಬಂದರು. ಹೊಸ ಆಂಪೂ ಅದೇ ದಾರಿಯಲ್ಲಿ ಕೆಂಪಾಗಿತ್ತು.

ಈಗ ಗೊತ್ತಾದದ್ದು ಇಷ್ಟು. ತಪ್ಪು ಆಂಪಿನದಲ್ಲ, ಕರೆಂಟಿನದಲ್ಲ, ತಂತಿಯದಲ್ಲ. ಹೋಗುವಾಗ ಇಲ್ಲ, ಬರುವಾಗ ಇದೆ. ಅದೇ ಕಾರು, ಅದೇ ದಾರಿ, ಅದೇ ತಗ್ಗು. ಮಧ್ಯಾಹ್ನದ ಬಿಸಿಲು ಹೆಚ್ಚೇ, ಆದರೆ ಅದಕ್ಕಿಂತ ಹೆಚ್ಚಿನ ಬಿಸಿಲಲ್ಲಿ ನಾನು ಅಂಗಡಿಯ ಮುಂದೆ ಹಾಡಿಸಿದ್ದೆ. ಈ ಕಸುಬಿನಲ್ಲಿ ನಾವು ಗಾಡಿಯನ್ನು ನಮ್ಮ ಬಳಿಗೆ ಕರೆಸಿಕೊಳ್ಳುತ್ತೇವೆ, ನಾವು ಗಾಡಿಯ ಬಳಿಗೆ ಹೋಗುವುದಿಲ್ಲ. ಮದುವೆ ಸೀಜನ್ನು, ಅಂಗಡಿ ಮುಂದೆ ಸಾಲು ನಿಂತಿತ್ತು. ಆದರೂ ಮುಂದಿನ ಪಾಳಿಯ ದಿನ ಶಟರ್ ಎಳೆದು, ಕೀಲಿ ಬ್ಯಾಟರಿ ಭಾಯಿಯ ಕೈಗೆ ಕೊಟ್ಟು, ಮೀಟರನ್ನು ಚೀಲದಲ್ಲಿ ಹಾಕಿಕೊಂಡು ಲಿಂಗಸುಗೂರು ಬಸ್ಸು ಹತ್ತಿದೆ. "ಅಳಿಯನ ಮನಿಗೆ ಹೊಂಟಾನ ಮಾವ," ಎಂದು ಭಾಯಿ ಬಸ್‌ಸ್ಟ್ಯಾಂಡಿನ ತನಕ ಕೇಳುವಂತೆ ಕೂಗಿದ.

ಬಸ್ಸಿನ ಕಿಟಕಿಯಿಂದ ಬರುತ್ತಿದ್ದ ಗಾಳಿ ಮುಖ ಸುಡುತ್ತಿತ್ತು. ಮಸ್ಕಿಯ ಗುಡ್ಡ ದಾಟಿದ ಮೇಲೆ ಕಾಲುವೆಯ ಸೀಮೆ ಹಿಂದೆ ಉಳಿದು ಬರೀ ಕರಿ ನೆಲ, ನೆರಳಿಲ್ಲ. ಲಿಂಗಸುಗೂರಿನಲ್ಲಿ ಇಳಿದು ಆಸ್ಪತ್ರೆಗೆ ಹೋದಾಗ ಕಾಕಾ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಕೂತಿದ್ದರು. ನನ್ನನ್ನು ನೋಡಿ ಗಾಬರಿಯಾದರು. ಖುಷಿಯಾಗುತ್ತಾರೆ ಅಂದುಕೊಂಡಿದ್ದೆ.

"ಒಂದು ಫೋನ್ ಮಾಡಿದ್ರ ನಾನಽ ಗಾಡಿ ತರ್ತಿದ್ದೆನಲ್ರಿ."

"ಗಾಡಿ ಅಲ್ಲ ಕಾಕಾ, ನನಗ ದಾರಿ ನೋಡಬೇಕಾಗೈತಿ. ನಿಮ್ಮ ಜೋಡಿ ವಾಪಸ್ ಬರ್ತೀನಿ."

ಅವರು ಆಸ್ಪತ್ರೆಯ ಬಾಗಿಲ ಕಡೆ ನೋಡಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆ ಬಂತು. "ಗಾಡಿ ತಯಾರ್ ಮಾಡ್ತೀನಿ," ಎಂದು ಅವರು ಇಂಜಿನ್ ಚಾಲೂ ಮಾಡಿ, ಎಲ್ಲ ಕಾಜು ಏರಿಸಿ, ಬಾಗಿಲು ಮುಚ್ಚಿ ಆಸ್ಪತ್ರೆಯೊಳಗೆ ಹೋದರು. ಎಸಿ ಹಾಕಿ ತಂಪು ಮಾಡಿಡುತ್ತಿದ್ದಾರೆ, ಎಸಿ ಹಾಕುವುದಿಲ್ಲ ಎಂದು ನನಗೆ ಸುಳ್ಳು ಹೇಳಿದ್ದಾರೆ ಎಂದು ಸಣ್ಣ ಸಿಟ್ಟೂ ಬಂತು.

ಹೆಂಡತಿಯ ತೋಳು ಹಿಡಿದು ಕರೆತಂದರು. ನಾನು ಯಾವುದೋ ಮೆತ್ತನೆಯ ಮುದುಕಿಯನ್ನು ಊಹಿಸಿದ್ದೆ. ಬಂದಾಕೆ ಎತ್ತರದ, ದೊಡ್ಡ ಎಲುಬಿನ ಹೆಂಗಸು. ಮೈ ಕರಗಿದ್ದರೂ ನಿಲುವು ಕರಗಿರಲಿಲ್ಲ. ಆ ಉರಿಬಿಸಿಲಲ್ಲಿ ಮೈತುಂಬ ದಪ್ಪ ಕೌದಿ ಹೊದ್ದಿದ್ದರು. ನನ್ನನ್ನು ಕಂಡ ಕೂಡಲೇ ತಲೆಯ ಮೇಲಿನ ಕೌದಿಯನ್ನು ಹೆಗಲಿಗೆ ಇಳಿಸಿ ನೆಟ್ಟಗೆ ನಿಂತರು.

"ಯಾರಿವ್ರು?"

"ಹಾಡಿನ ಉಸ್ತಾದ್ರು, ಸಿಂಧನೂರಿನವ್ರು," ಎಂದರು ಕಾಕಾ ಕಿವಿಯ ಹತ್ತಿರ ಬಗ್ಗಿ, ಜೋರಾಗಿ.

"ಇಲ್ಲಿ ತನಕ ಯಾಕ ಕರಿಸಿದ್ರಿ?" ಎಂದು ಗಂಡನನ್ನು ದುರುಗುಟ್ಟಿ ನೋಡಿ, ಹಿಂದಿನ ಸೀಟಿಗೆ ಹತ್ತಿದರು. ಅವರ ಗದ್ದ ಅದುರುತ್ತಿತ್ತು. ಅದನ್ನು ನಾನು ನೋಡಬಾರದೆಂದು ಕೌದಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡರು.

ನಾನು ಮುಂದಿನ ಎಡ ಬಾಗಿಲು ತೆಗೆದೆ. ಒಳಗಿನಿಂದ ಬಂದ ಗಾಳಿಗೆ ಒಂದು ಹೆಜ್ಜೆ ಹಿಂದೆ ಸರಿದೆ. ತಂದೂರಿ ಒಲೆಯ ಬಾಯಿ ತೆಗೆದ ಹಾಗಿತ್ತು.

"ಕಾಕಾ, ಎಸಿ ಕೆಟ್ಟೈತೇನು? ಬಿಸಿ ಗಾಳಿ ಬರಾಕತ್ತೈತಿ!"

"ಎಸಿ ಅಲ್ರಿ," ಎಂದರು ಅವರು ಮೆಲ್ಲಗೆ. "ಹೀಟರ್ ಹಚ್ಚೀನಿ. ಕೂಡ್ರಿ."

ನಮ್ಮ ಸೀಮೆಯಲ್ಲಿ ಕಾರಿನ ಆ ಗುಂಡಿಯನ್ನು ಕೆಂಪು ಬದಿಗೆ ತಿರುಗಿಸಿದವರನ್ನು ನಾನು ನೋಡಿರಲಿಲ್ಲ. ಸಿಂಧನೂರಿನ ಕಾರುಗಳಲ್ಲಿ ನೀಲಿ ಬದಿಯ ಬಣ್ಣ ಸವೆದಿರುತ್ತದೆ, ಕೆಂಪು ಹೊಸದಾಗಿಯೇ ಉಳಿದಿರುತ್ತದೆ. ಹೀಟರ್ ಎಂಬುದು ಕಾರಿನಲ್ಲಿ ಇದೆ ಎಂಬುದನ್ನೇ ನಾವು ಮರೆತಿದ್ದೇವೆ. ಈ ಕಾಕಾ ಬೇಸಿಗೆಯ ನಟ್ಟನಡು ಮಧ್ಯಾಹ್ನ ಅದನ್ನು ಪೂರ್ತಿ ತಿರುಗಿಸಿ, ಕಾಜು ಏರಿಸಿ, ಕಾರು ಬಿಟ್ಟರು. ಆಸ್ಪತ್ರೆಯ ಗೇಟು ದಾಟುವುದರೊಳಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಆ ಟವೆಲು ಯಾತಕ್ಕೆ ಎಂದು ಆಗ ಗೊತ್ತಾಯಿತು.

ಹೆಂಡತಿಗೆ ಕೇಳಿಸದ ದನಿಯಲ್ಲಿ ಅವರೇ ಹೇಳಿದರು. "ಯಂತ್ರದಿಂದ ಎದ್ರ ಆಕಿಗೆ ಛಳಿ ಹತ್ತತೈತ್ರಿ. ಕೆಲವ್ರಿಗೆ ಹಂಗ ಆಗ್ತೈತಿ ಅಂತ ಡಾಕ್ಟರೂ ಅಂದಾರ. ಎಲುಬಿನ್ಯಾಗ ನಡುಕ. ಮನಿ ಮುಟ್ಟೋ ತನಕ ಬಿಡಂಗಿಲ್ಲ."

"ನನಗ ಮೊದಲಽ ಯಾಕ ಹೇಳಲಿಲ್ಲ ಕಾಕಾ?"

"ಆಕಿ ಮೇಸ್ತ್ರಿ ರೀ. ನಾಟಿ ಹಚ್ಚೋ ಹೆಣ್ಮಕ್ಕಳ ಗ್ಯಾಂಗ್ ನಡಿಸಿದಾಕಿ. ಮಂಜಿನ್ಯಾಗ, ಮೊಳಕಾಲ ಮಟ ನೀರಾಗ ಎಲ್ಲರಿಗಿಂತ ಮದಲ ಇಳೀತಿದ್ಲು. ಈಗ ಬ್ಯಾಸಿಗ್ಯಾಗ ನಡಗತಾಳ ಅಂತ ಯಾರಿಗೂ ಗೊತ್ತಾಗಬಾರದು ಅಂತ ಆಣಿ ಹಾಕಿಸ್ಕೊಂಡಾಳ. ಹೀಟರ್ ಸುದ್ದಿ ಎತ್ತಿದ್ರ ಯಾಕ ಅಂತ ನೀವು ಕೇಳ್ತಿದ್ರಿ. ಅದಕ್ಕೂ ಹಾಡಿಗೂ ಏನ್ ಸಂಬಂಧ ಅಂತ ಸುಮ್ನಿದ್ದೆ."

ಕಾವೇ ಕಾರಣವಿರಬಹುದು ಅನಿಸಿತು, ಆದರೆ ಬರೀ ಕಾರಿನೊಳಗಿನ ಸೆಕೆಗೆ ಆಂಪು ಬಂದ್ ಆಗುವುದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಾಕಾ ಫೋನಿನಲ್ಲಿ ಹಾಡು ಹಚ್ಚಿದರು. ಹಿಂದಿನ ಸ್ಪೀಕರಿನಿಂದ ನೀರಿನ ಸದ್ದು, ಬಳೆಗಳ ಸದ್ದು, ಯಾರೋ ನಕ್ಕದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ನಿಂತೇಬಿಟ್ಟಿತು ಎಂದು ನಾನು ಮೀಟರ್ ಹಿಡಿದು ಸೀಟಿನ ಕೆಳಗೆ ಬಗ್ಗಿದೆ. ದೀಪ ಹಸಿರಾಗಿಯೇ ಇತ್ತು. ಅಷ್ಟರಲ್ಲಿ ಹಿಂದಿನಿಂದ, ಕೌದಿಯೊಳಗಿನಿಂದ, ಮೇಸ್ತ್ರಿ ನಡುಗುವ ದನಿಯಲ್ಲಿ ಎತ್ತಿದರು.

"ಸಾಲು ಸೊಟ್ಟಾದೀತು, ಬಗ್ಗಿ ನೋಡ ತಂಗೀ…"

ಸ್ಪೀಕರಿನಿಂದ ಹತ್ತಾರು ಹೆಂಗಸರ ದನಿ ಒಟ್ಟಿಗೆ ಬಂತು: "ಬಗ್ಗಿ ನೋಡೀವಿ ಅಕ್ಕಾ, ಸಾಲು ನೆಟ್ಟಗೈತೇ…"

ಮತ್ತೆ ಮೌನ. ಮತ್ತೆ ಮೇಸ್ತ್ರಿ: "ನೀರು ಮೊಳಕಾಲಿಗೆ ಬಂತು, ಸೀರಿ ಎತ್ತ ತಂಗೀ…"

"ಸೀರಿ ಎತ್ತೀವಿ ಅಕ್ಕಾ, ನೀ ಮುಂದ ನಡಿಯೇ…"

"ಆಕಿ ಗ್ಯಾಂಗಿನವ್ರು," ಎಂದರು ಕಾಕಾ. "ನಾಟಿ ಟೈಮಿನ್ಯಾಗ ಗದ್ದಿಯೊಳಗ ನಿಂತು ಫೋನಿನ್ಯಾಗ ತುಂಬಿ ಕಳಿಸ್ಯಾರ. ಮೇಸ್ತ್ರಿ ಅನ್ನೋ ಸಾಲು ಯಾರೂ ಅನ್ನಂಗಿಲ್ಲ ಅಂತ ಆ ಜಾಗ ಖಾಲಿ ಬಿಟ್ಟಾರ."

ನಾನು ಮೀಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳುತ್ತ ಕೂತೆ. ಇಷ್ಟು ವರ್ಷ ನಾನು ಎಷ್ಟೋ ಕಾರುಗಳಲ್ಲಿ ಎಷ್ಟೋ ಹಾಡು ಕೇಳಿದ್ದೇನೆ. ನಾಟಿಯ ಕೆಸರಿನಲ್ಲಿ ಬಗ್ಗಿ ನಿಂತು, ಇಲ್ಲದ ಒಬ್ಬಾಕೆಗಾಗಿ ಅಷ್ಟು ಹೊತ್ತು ಬಾಯಿ ಮುಚ್ಚಿ ಕಾದ ಆ ಹೆಂಗಸರ ಮೇಲೆ ನನಗೆ ಎಂಥದೋ ಗೌರವ ಬಂತು. ಒಂದೊಂದು ಸಾಲಿಗೂ ಹಿಂದಿನ ಸೀಟಿನ ದನಿಯ ನಡುಕ ಕಡಿಮೆಯಾಗುತ್ತಿತ್ತು. ಕಾಕಾ ಬೆವರು ಕಣ್ಣಿಗೆ ಇಳಿಯದಂತೆ ಒರೆಸಿಕೊಳ್ಳುತ್ತ, ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತ, ನಿಧಾನಕ್ಕೆ ಓಡಿಸುತ್ತಿದ್ದರು.

ಮಸ್ಕಿ ಇನ್ನೂ ಮುಂದಿತ್ತು. ಮೇಸ್ತ್ರಿ ಒಂದು ಸಾಲು ಹಾಡಿದರು. ಉತ್ತರ ಬರಲಿಲ್ಲ. ಕೇಳಿಸಲಿಲ್ಲವೇನೋ ಎಂಬಂತೆ ಮತ್ತೆ, ಇನ್ನೂ ಎತ್ತರದ ದನಿಯಲ್ಲಿ ಹಾಡಿದರು. ಕಾರಿನಲ್ಲಿ ಹೀಟರಿನ ಸದ್ದು ಬಿಟ್ಟರೆ ಏನೂ ಇಲ್ಲ.

"ನಾ ಅಂದೆ," ಎಂದರು ಮೇಸ್ತ್ರಿ. "ಅವ್ರು ಅನಲಿಲ್ಲ."

ಸೀಟಿನ ಕೆಳಗೆ ಕೈ ಹಾಕಿದೆ. ಕೆಂಪು ದೀಪ. ಮೀಟರ್ ಹಿಡಿದೆ, ಕರೆಂಟು ಸರಿ. ಆಂಪಿನ ಮೈ ಮುಟ್ಟಿದೆ, ಬೆರಳು ಚುರ್ ಎಂದಿತು. ಹಾಡಿನಿಂದ ಇಷ್ಟು ಕಾಯುವುದಿಲ್ಲ. ಕೈಯನ್ನು ಇನ್ನೂ ಒಳಗೆ ತೂರಿಸಿದಾಗ ಆಂಪಿನ ಬೆನ್ನಿಗೆ ಒತ್ತಿದಂತೆ ಒಂದು ಪ್ಲಾಸ್ಟಿಕ್ ಬಾಯಿ ಸಿಕ್ಕಿತು, ಅದರಿಂದ ಬಿಸಿ ಗಾಳಿ ಹೊಡೆಯುತ್ತಿತ್ತು. ಹಿಂದೆ ಕೂತವರ ಕಾಲಿಗೆ ಹೀಟರಿನ ಬಿಸಿ ತಲುಪಲಿ ಎಂದು ಕಾರು ಮಾಡಿದವರು ಕಾರ್ಪೆಟ್ಟಿನ ಕೆಳಗೆ ಕೊಳವೆ ಇಟ್ಟಿರುತ್ತಾರೆ. ಆ ಕೊಳವೆಯ ಬಾಯಿಗೆ ಸರಿಯಾಗಿ ಹಿಂದಿನವರು ಆಂಪ್ಲಿಫೈಯರ್ ಕೂಡಿಸಿದ್ದರು. ನಾನೂ ಹೊಸದನ್ನು ನೋಡದೆ ಅಲ್ಲೇ ಕೂಡಿಸಿದ್ದೆ. ರಾಯಚೂರು ಸೀಮೆಯಲ್ಲಿ ಆ ಕೊಳವೆ ಇದ್ದರೇನು, ಬಿಟ್ಟರೇನು?

ವಿಷಯ ತಿಳಿಸಿದಾಗ ಕಾಕಾನ ಕೈ ತಾನಾಗಿ ಹೀಟರಿನ ಗುಂಡಿಯ ಕಡೆ ಹೋಯಿತು, ಅಲ್ಲೇ ನಿಂತಿತು. ಹಾಡು ಬೇಕೆಂದರೆ ಹೀಟರ್ ನಿಲ್ಲಿಸಬೇಕು, ಹೀಟರ್ ನಿಲ್ಲಿಸಿದರೆ ಆಕೆ ನಡುಗುತ್ತಾರೆ. ಹಿಂದಿನಿಂದ ಮೇಸ್ತ್ರಿ ಅಂದರು, "ಸಾಕು ನಡೀರಿ ಮನಿಗೆ. ಇನ್ನ ಈ ದಾರಿ ನನಗ ಬ್ಯಾಡ." ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮುಗಿಸಿದವರ ಹಾಗೆ ಅಂದರು.

"ಕಾಕಾ, ಗಾಡಿ ಬಾಜು ಹಚ್ರಿ," ಎಂದೆ.

ರಸ್ತೆ ಬದಿಯ ಒಂದು ಮರದ ಕೆಳಗೆ ನಿಲ್ಲಿಸಿದರು. ಇಂಜಿನ್ನು, ಹೀಟರು ಹಾಗೇ ಓಡುತ್ತಿರಲಿ, ಮೇಸ್ತ್ರಿ ಒಳಗೇ ಇರಲಿ ಎಂದೆ. ಸೀಟು ಹಿಂದೆ ತಳ್ಳಿ, ಸ್ಕ್ರೂ ಬಿಚ್ಚಿ, ತಂತಿ ಕಳಚಿ, ಟವೆಲಿನಲ್ಲಿ ಸುತ್ತಿ ಆಂಪನ್ನು ಹೊರಗೆ ತಂದೆ. ಕಾಕಾನೂ ಇಳಿದು ಬಂದರು. ಹೊರಗೆ ಕೆಂಡದಂಥ ಗಾಳಿ. ಅದಕ್ಕೆ ಎದೆಯೊಡ್ಡಿ, ಕಣ್ಣು ಮುಚ್ಚಿ, "ಆಹಾ, ಏನ್ ತಂಪು ಗಾಳಿ ಬಿಟ್ಟೈತ್ರಿ!" ಎಂದರು. ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ವಾರಕ್ಕೆರಡು ಸಲ, ಇಡೀ ಬೇಸಿಗೆ, ಈ ಮನುಷ್ಯ ಆ ಒಲೆಯೊಳಗೆ ಕೂತು ಗಾಡಿ ಓಡಿಸಿದ್ದಾರೆ, ನನ್ನ ಅಂಗಡಿಗೆ ಅಷ್ಟು ಸಲ ಬಂದರೂ ಹಾಡಿನ ದೂರು ಹೇಳಿದರೇ ಹೊರತು ತಮ್ಮ ದೂರು ಹೇಳಲಿಲ್ಲ. ನನಗೆ ಅವರ ಕಾಲು ಮುಟ್ಟಬೇಕು ಅನಿಸಿತು. ಅದರ ಬದಲು ಕೈಗೆ ರಟ್ಟಿನ ತುಂಡು ಕೊಟ್ಟು ಆಂಪಿಗೆ ಗಾಳಿ ಬೀಸಲು ಹೇಳಿದೆ.

ಅದು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ, ಸೀಟಿನ ಕೆಳಗೆ ಸುತ್ತಿಟ್ಟಿದ್ದ ತಂತಿಯನ್ನು ಮೇಲಕ್ಕೆಳೆದು ಮತ್ತೆ ಜೋಡಿಸಿದೆ. ಕೂಡಿಸಲು ಜಾಗವಿಲ್ಲ. ನಾನು ಸೀಟಿನಲ್ಲಿ ಕೂತು, ತೊಡೆಯ ಮೇಲೆ ಟವೆಲು ಹಾಸಿ, ಆಂಪ್ಲಿಫೈಯರನ್ನು ಕೂಸಿನಂತೆ ಮಡಿಲಲ್ಲಿ ಇಟ್ಟುಕೊಂಡೆ. ಎದುರಿನ ಗಾಳಿ ಬರುವ ಬಾಯಿಯನ್ನು ಒತ್ತಿ ಮುಚ್ಚಿದೆ. "ಹಚ್ರಿ ಕಾಕಾ."

ದೀಪ ಹಸಿರಾಯಿತು. ನೀರಿನ ಸದ್ದು, ಬಳೆಯ ಸದ್ದು, ನಗು. ಆಮೇಲೆ ಆ ಖಾಲಿ ಜಾಗ ಬಂತು. ಮೇಸ್ತ್ರಿ ಎತ್ತಲಿಲ್ಲ. ಸ್ಪೀಕರಿನ ಹೆಂಗಸರು ತಮ್ಮ ಪಾಡಿಗೆ ಉತ್ತರ ಕೊಟ್ಟರು: "ಬಗ್ಗಿ ನೋಡೀವಿ ಅಕ್ಕಾ, ಸಾಲು ನೆಟ್ಟಗೈತೇ…" ಕಾಕಾ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಮುಂದಿನ ಖಾಲಿ ಜಾಗ ಬಂದಾಗ ಹಿಂದಿನಿಂದ ಆ ದನಿ ಬಂತು, ಅದೂ ಬೈಯುವ ಧಾಟಿಯಲ್ಲಿ.

"ನೀರು ಮೊಳಕಾಲಿಗೆ ಬಂತು, ಸೀರಿ ಎತ್ತ ತಂಗೀ…"

"ಸೀರಿ ಎತ್ತೀವಿ ಅಕ್ಕಾ, ನೀ ಮುಂದ ನಡಿಯೇ…"

ಮಸ್ಕಿ ಬಂತು, ಹೋಯಿತು. ತುರ್ವಿಹಾಳದ ತನಕ ದೀಪ ಹಸಿರು. ನನ್ನ ತೊಡೆ ಬೆಂದಿತ್ತು, ಅಂಗಿ ಹಿಂಡಿದರೆ ನೀರು ಬರುವಂತಿತ್ತು. ಮನೆ ಮುಂದೆ ಇಳಿಯುವಾಗ ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಡಗಿದ್ದು ಹೊರಗ ಹೇಳಬ್ಯಾಡ ತಮ್ಮಾ," ಎಂದರು. "ನಾ ಏನೂ ನೋಡಿಲ್ರೀ ಅವ್ವಾರ," ಎಂದೆ. ತಲೆಯಾಡಿಸಿ, ಕೌದಿ ಮಡಚಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರು. ಈ ವಿಷಯ ಬರೆಯಲೇ ಎಂದು ಆಮೇಲೆ ಅವರನ್ನೇ ಕೇಳಿದ್ದೇನೆ. ಹೆಸರು ಹಾಕಬೇಡ, ಸಾಲು ಸೊಟ್ಟ ಮಾಡಬೇಡ ಎಂದರು.

ಮರುದಿನ ಕಾರು ಅಂಗಡಿಗೆ ಬಂತು. ಆಂಪನ್ನು ಡಿಕ್ಕಿಗೆ ಒಯ್ದು, ಹಿಂದಿನ ಸೀಟಿನ ಬೆನ್ನಿಗೆ ಪ್ಲೈವುಡ್ ಹಲಗೆ ಹೊಡೆದು, ಸುತ್ತ ಗಾಳಿಯಾಡುವಂತೆ ಬೆರಳು ಸಂದಿ ಬಿಟ್ಟು ನಿಲ್ಲಿಸಿದೆ. ದಾರಿ ಉದ್ದವಾದದ್ದಕ್ಕೆ ಇನ್ನೂ ದಪ್ಪನೆಯ ತಂತಿ ಎಳೆದೆ. ಸೀಟಿನ ಕೆಳಗಿನ ಕೊಳವೆಯ ಬಾಯಿ ಖಾಲಿಯಾಯಿತು; ಅದರೊಳಗೆ ಸೇರಿದ್ದ ಭತ್ತದ ಹೊಟ್ಟು, ಶೇಂಗಾ ಸಿಪ್ಪೆ ತೆಗೆದೆ. ಆಗ ಇನ್ನೊಂದು ಸಂಗತಿ ಕಂಡಿತು. ಇಷ್ಟು ದಿನ ಆಂಪು ಆ ಬಾಯಿಗೆ ಅಡ್ಡ ಕೂತು, ಹಿಂದೆ ಹೋಗಬೇಕಾದ ಬಿಸಿಯನ್ನೆಲ್ಲ ತಾನೇ ಕುಡಿದಿತ್ತು. ಆಕೆಗೆ ಬಿಸಿ ಸಾಲದೆ ಕಾಕಾ ಗುಂಡಿಯನ್ನು ಕೊನೆಯ ತನಕ ತಿರುಗಿಸುತ್ತಿದ್ದರು, ಅದು ಅವರನ್ನೇ ಬೇಯಿಸುತ್ತಿತ್ತು. ಇನ್ನು ಅರ್ಧ ತಿರುಗಿಸಿದರೆ ಸಾಕು.

ಕೊನೆಗೆ, ಯಾರೂ ಹೇಳದ ಒಂದು ಕೆಲಸ ಮಾಡಿದೆ. ಡ್ರೈವರ್ ಕಾಲಿನ ಹತ್ತಿರ ಬಿಸಿ ಗಾಳಿ ಬರುವ ಬಾಯಿಗೆ ಒಂದು ಸ್ಪಂಜಿನ ತುಂಡು ಕತ್ತರಿಸಿ ಬಿಗಿಯಾಗಿ ತುರುಕಿದೆ. ಇನ್ನು ಬಿಸಿಯೆಲ್ಲ ಹಿಂದಕ್ಕೆ. ಬ್ಯಾಟರಿ ಭಾಯಿ ಬಂದು ನೋಡಿ, "ವಾ ಭಾಯ್," ಎಂದ, ಈ ಸಲ ಕಾಲೆಳೆಯದೆ.

ಕಾಕಾ ಮತ್ತೆ ಬಂದದ್ದು ಹಲವು ಪಾಳಿಗಳಾದ ಮೇಲೆ. ದೂರದಿಂದ ಬಿಳಿ ಕಾರು ಕಂಡು ನಾನು ಮೀಟರಿಗೆ ಕೈ ಹಾಕಿದೆ. ಅವರು ಇಳಿದು ನಗುತ್ತ ಬಂದರು. ಹಾಡು ಒಮ್ಮೆಯೂ ನಿಂತಿಲ್ಲ. ಪಾಳಿಯ ದಿನ ಮೇಸ್ತ್ರಿ ತಾವೇ ಮೊದಲು ಎದ್ದು ಕೂರುತ್ತಾರಂತೆ. ಕಾಲು ಬೆಚ್ಚಗಾಗುತ್ತವೆ, ಮಸ್ಕಿ ಬರುವುದರೊಳಗೆ ಕೌದಿ ತೆಗೆದುಬಿಡುತ್ತಾರಂತೆ. ಇಷ್ಟೆಲ್ಲ ಹೇಳಿ, ಜೇಬಿನಿಂದ ಆ ಸ್ಪಂಜಿನ ತುಂಡು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಇದನ್ನ ತಗದೀನ್ರಿ ಉಸ್ತಾದ್ರ. ಸಿಟ್ಟಾಗಬ್ಯಾಡ್ರಿ."

"ಯಾಕ ಕಾಕಾ? ನಿಮಗ ಸೆಕಿ ಆಗಬಾರದು ಅಂತ ಹಾಕಿದ್ದೆ."

"ಗೊತ್ತೈತ್ರಿ," ಎಂದರು ಅವರು, ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. "ಆಕಿ ಹಾಡಾಕ ಕುಂತ್ರ ಏನ್ ಕೇಳಿದ್ರೂ ಹೇಳಂಗಿಲ್ಲ. ಹಿಂದ ಆಕಿಗೆ ಎಷ್ಟು ಬಿಸಿ ಮುಟ್ಟಾಕತ್ತೈತಿ ಅಂತ ನನ್ನ ಕಾಲಿಗೆ ಗೊತ್ತಾಗಬೇಕಲ್ರಿ."